ಮಾತು ಬೇಡಿದವಳ ಗಂಟಲು ಕಟ್ಟಿದಾಗ

ಯೇಸುವಿನ ಹೆಸರಿನಲ್ಲಿ ನನಗೆ ಒಡಹುಟ್ಟಿದವರಂತಾಗಿರುವ ನಿಮ್ಮೆಲ್ಲರಿಗೂ ದೆಹಲಿಯ ಜನಕಪುರಿಯಿಂದ ಸುಗುಣಾ ಮಾಡುವ ವಂದನೆಗಳು.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಯಜಮಾನರ ಧ್ವನಿ ಒಡೆಯಿತು. ಮೊದಮೊದಲು ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ದೆಹಲಿಯ ಬೇಸಿಗೆ, ಧೂಳು, ಶಾಲೆಯ ಆಫೀಸಿನ ಏಸಿ ಎಂದು ಒಂದೊಂದು ದಿನ ಒಂದೊಂದು ಕಾರಣ ಹೇಳುತ್ತಿದ್ದರು. ಜೇಬಿನಲ್ಲಿ ಜ್ಯೇಷ್ಠಮಧು ಇಟ್ಟುಕೊಂಡು ಅಗಿಯುತ್ತಿದ್ದರು. ಮಳೆಗಾಲ ಬಂದು ಹೋಯಿತು, ಧ್ವನಿ ಮಾತ್ರ ವಾಪಸು ಬರಲಿಲ್ಲ.

ಅವರ ಧ್ವನಿಯ ಬಗ್ಗೆ ನಾನು ಸ್ವಲ್ಪ ಹೇಳಲೇಬೇಕು. ಅವರ ಹೆಸರು ಜಯವಂತ, ವಿರಾಜಪೇಟೆಯವರು, ಸೇನೆಯಲ್ಲಿ ಸುಬೇದಾರರಾಗಿದ್ದರು. ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಕಲಿಸುವುದೇ ಅವರ ಕೆಲಸ. ಮೈದಾನದ ಈ ತುದಿಯಲ್ಲಿ ನಿಂತು ಇವರು ಕೂಗಿದರೆ ಆ ತುದಿಯಲ್ಲಿದ್ದವನ ಹಿಮ್ಮಡಿ ತಾನಾಗಿಯೇ ಕೂಡಿಕೊಳ್ಳುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಮಗಳ ಓದಿಗಾಗಿ ಇಲ್ಲೇ ಉಳಿದೆವು, ಇವರು ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಷ್ಟ್ರಾದರು. ಭಾನುವಾರ ಮಧ್ಯಾಹ್ನ ಲೋಧಿ ಕಾಲೋನಿಯ ಹತ್ತಿರದ ಚರ್ಚಿನ ಹಾಲಿನಲ್ಲಿ ನಮ್ಮ ಕನ್ನಡದವರ ಆರಾಧನೆ. ಅಲ್ಲಿ ವಾದ್ಯ ಗೀದ್ಯ ಏನೂ ಇಲ್ಲ. ಇವರು ಕಣ್ಣು ಮುಚ್ಚಿ ಹಾಡಿನ ಮೊದಲ ಸಾಲು ಎತ್ತಿಕೊಂಡರೆ ಉಳಿದವರೆಲ್ಲ ಅದರ ಹಿಂದೆ ಹೋಗುತ್ತಿದ್ದೆವು. ನಾನಂತೂ ಅವರನ್ನು ಮೊದಲು ಕೇಳಿದ್ದು, ಆಮೇಲೆ ನೋಡಿದ್ದು. ಮೈಸೂರಿನ ನಮ್ಮ ಚರ್ಚಿಗೆ ರಜೆಯಲ್ಲಿ ಬಂದವರು ಯಾರೋ ಹಾಡುತ್ತಿದ್ದರು, ನಾನು ಕಂಬದ ಹಿಂದೆ ಕೂತಿದ್ದೆ. ಹಾಡು ಮುಗಿಯುವವರೆಗೂ ನಾನು ಎಲ್ಲಿದ್ದೇನೆ ಎನ್ನುವುದೇ ಮರೆತಿತ್ತು. ಇಷ್ಟು ವರ್ಷಗಳಾದ ಮೇಲೂ ಅದನ್ನು ನೆನೆದರೆ ನೀರಿನೊಳಗೆ ಕೂತು ಕೇಳಿದ ಹಾಗೆ ಅನ್ನಿಸುತ್ತದೆ.

ದಸರಾ ಕಳೆದ ಮೇಲೆ ಮಿಲಿಟರಿ ಆಸ್ಪತ್ರೆಗೆ ಬಲವಂತವಾಗಿ ಕರೆದುಕೊಂಡು ಹೋದೆ. ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡಿದರು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅಲ್ಲಿನ ದೊಡ್ಡ ಡಾಕ್ಟರು, ಕರ್ನಲ್ ಹುದ್ದೆಯ ಹೆಂಗಸು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು.

"ಸುಬೇದಾರ್ ಸಾಹೇಬರೇ, ಇದು ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಆಮೇಲೆ ಕತ್ತಿನಲ್ಲಿ ಮಾಡುವ ರಂಧ್ರದಿಂದ ಉಸಿರಾಡುತ್ತೀರಿ."

"ಮಾತು?" ಎಂದರು ಇವರು.

"ಈಗಿನ ಮಾತು ಇರುವುದಿಲ್ಲ. ಬೇರೆ ರೀತಿಯಲ್ಲಿ ಕಲಿಯಬಹುದು. ಆದರೆ ತಡ ಮಾಡಬೇಡಿ. ಈ ಹಂತದಲ್ಲಿ ಬರೀ ರೇಡಿಯೇಷನ್ ಸಾಲದು."

ಇವರು ಎದ್ದು ನಿಂತು, ಅಟೆನ್ಷನ್‌ನಲ್ಲಿ ನಿಂತ ಹಾಗೆ ಕೈ ಇಳಿಬಿಟ್ಟು, "ಥ್ಯಾಂಕ್ಯೂ ಮೇಡಂ" ಎಂದು ಹೇಳಿ ಹೊರಗೆ ಬಂದುಬಿಟ್ಟರು. ಆಟೋದಲ್ಲಿ ಕೂತ ಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ನಾನು ಆಪರೇಷನ್ ಮಾಡಿಸ್ಕೊಳ್ಳಲ್ಲ ಸುಗುಣಾ. ಈ ಧ್ವನಿ ದೇವರು ಕೊಟ್ಟಿದ್ದು. ಅದನ್ನ ಕತ್ತರಿಸಿ ಬಿಸಾಕಿ ನಾನೊಬ್ಬ ಇದ್ದು ಏನ್ ಮಾಡ್ಲಿ? ಹೋಗೋದಾದ್ರೆ ಇಬ್ರೂ ಒಟ್ಟಿಗೆ ಹೋಗ್ತೀವಿ."

ನಾನೂ ಅವರೂ ಎನ್ನುವುದಕ್ಕಲ್ಲ, ತಾನೂ ತನ್ನ ಧ್ವನಿಯೂ ಎನ್ನುವುದಕ್ಕೆ ಅವರು 'ಇಬ್ರೂ' ಎಂದದ್ದು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಆ ದಿನಗಳಲ್ಲಿ ನಮ್ಮ ಬೀದಿಯ ಹಾಲೆ ಮರಗಳು ಹೂ ಬಿಟ್ಟಿದ್ದವು. ಸಂಜೆಯಾದರೆ ಆ ಗಾಢವಾದ ವಾಸನೆ ಮೆಟ್ಟಿಲು ಹತ್ತಿ ನಮ್ಮ ಎರಡನೇ ಮಹಡಿಯ ಮನೆಯೊಳಗೆ ಬರುತ್ತಿತ್ತು. ನನಗೆ ಎಲ್ಲವೂ ಅರೆನಿದ್ದೆಯಲ್ಲಿ ನಡೆಯುತ್ತಿರುವಂತೆ ಕಾಣುತ್ತಿತ್ತು. ಕುಕ್ಕರ್ ಕೂಗುವುದು, ಕೆಳಗೆ ಮಕ್ಕಳು ಕ್ರಿಕೆಟ್ ಆಡುವುದು, ಇವರು ಒಡೆದ ಧ್ವನಿಯಲ್ಲಿ ಯಾರದೋ ಫೋನಿಗೆ ಉತ್ತರಿಸುವುದು, ಎಲ್ಲ ಬಹಳ ದೂರದಿಂದ ಕೇಳಿಸುತ್ತಿತ್ತು.

ಹೆಂಡತಿ ಮನಸ್ಸು ಮಾಡಿದರೆ ಗಂಡನನ್ನು ಒಪ್ಪಿಸಬಲ್ಲಳು ಎನ್ನುವುದನ್ನು ಮದುವೆಯಾದಂದಿನಿಂದ ಕೇಳಿದ್ದೇನೆ. ಅತ್ತೆಯವರೂ ಹೇಳಿದ್ದರು, ಸಭೆಯ ಹೆಂಗಸರ ಕೂಟದಲ್ಲೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಆ ಶಕ್ತಿ ನನ್ನಲ್ಲೂ ಇದ್ದೀತು ಎಂದು ಹೊರಟೆ. ತಿಳಿಸಿ ಹೇಳಿದೆ. ಕಣ್ಣೀರು ಹಾಕಿದೆ. ಎರಡು ಹೊತ್ತು ಊಟ ಬಿಟ್ಟೆ. ಮಗಳು ಅನುಗ್ರಹಾಳನ್ನು ಮುಂದೆ ಬಿಟ್ಟೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾದರೂ ನಾಲಿಗೆಯ ಮೇಲೆ ಅರ್ಧ ಹಿಂದಿಯೇ ಬರುತ್ತದೆ.

"ಪಪ್ಪಾ, ಪ್ಲೀಸ್. ನನಗೆ ನೀವು ಬೇಕು, ಆವಾಜ್ ಬೇಡ. ಸಮಝೋ ನಾ."

"ಆಯ್ತು ಮಗಳೇ," ಎಂದು ತಲೆ ಸವರಿ ಕಳಿಸಿದರು. ನನಗೂ ಅದೇ ಉತ್ತರ. ಇವರು ಜಗಳವಾಡಿದ್ದರೆ ನನಗೆ ಹಿಡಿಯಲು ಏನಾದರೂ ಸಿಗುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು, ಕಾಫಿ ಕೊಡು" ಎನ್ನುವವರನ್ನು ಏನು ಮಾಡುವುದು?

ಊಟದ ಮುಂಚಿನ ಪ್ರಾರ್ಥನೆ ನಮ್ಮ ಮನೆಯಲ್ಲಿ ಯಾವಾಗಲೂ ಅವರದ್ದೇ. ಧ್ವನಿ ಒಡೆದ ಮೇಲೆ ಅವರು ಅದನ್ನು ನಿಲ್ಲಿಸಿದರು. ಆ ಕೆಲಸ ನನಗೆ ಬಂತು. ನಾನು ಆ ಸಂದರ್ಭವನ್ನೂ ಬಿಡಲಿಲ್ಲ. "ಕರ್ತನೇ, ಈ ಅನ್ನಕ್ಕಾಗಿ ಸ್ತೋತ್ರ. ಇವರ ಹಟವನ್ನು ಕರಗಿಸು, ಹೆಂಡತಿ ಮಕ್ಕಳ ಮುಖ ನೋಡುವ ಬುದ್ಧಿ ಕೊಡು" ಎಂದು ಅವರಿಗೆ ಕೇಳುವ ಹಾಗೆ, ದಿನಾ ಒಂದಿಷ್ಟು ಸೇರಿಸಿ ಹೇಳುತ್ತಿದ್ದೆ. ಅವರು ಭಕ್ತಿಯಿಂದ "ಆಮೆನ್" ಎಂದು ಸಾರು ಬಡಿಸಿಕೊಳ್ಳುತ್ತಿದ್ದರು.

ನಮ್ಮ ಸಭೆಯ ಹಿರಿಯರಾದ ಕಮಲಾ ಆಂಟಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಸರೋಜಿನಿ ನಗರದಲ್ಲಿ ಮಗನ ಮನೆಯಲ್ಲಿರುವ ವಿಧವೆ ಅವರು.

"ಸುಗುಣಾ, ಇನ್ನೂ ಒಪ್ಲಿಲ್ವೇನಮ್ಮ?"

"ಇಲ್ಲ ಆಂಟಿ. ನನ್ನ ಹತ್ರ ಮಾತೇ ಮುಗಿದುಹೋಗಿದೆ."

"ಹಾಗಾದ್ರೆ ದೇವರನ್ನ ಕೇಳು. ಅವನೇ ಕೊಡ್ತಾನೆ."

ಅವತ್ತಿನಿಂದ ನನ್ನದು ಒಂದೇ ಪ್ರಾರ್ಥನೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ, ಮೆಟ್ರೋದಲ್ಲಿ ನಿಂತಿರುವಾಗ, ಹಾಲು ಉಕ್ಕುವುದನ್ನು ಕಾಯುವಾಗ: ಕರ್ತನೇ, ಅವರ ಮನಸ್ಸನ್ನು ಬದಲಾಯಿಸುವ ಒಂದೇ ಒಂದು ಮಾತನ್ನು ನನ್ನ ಬಾಯಲ್ಲಿ ಇಡು. ಇನ್ನೇನೂ ಬೇಡ.

ದೀಪಾವಳಿ ಕಳೆದ ಮೇಲೆ ದೆಹಲಿಗೆ ಹೊಗೆ ಇಳಿಯಿತು. ಪ್ರತಿ ವರ್ಷದ್ದೇ ಅದು, ಆದರೆ ಹೋದ ವರ್ಷ ನನಗೆ ಊರೆಲ್ಲ ಬೂದು ನೀರಿನಲ್ಲಿ ಮುಳುಗಿದ ಹಾಗೆ ಕಂಡಿತು. ಎದುರಿನ ಬ್ಲಾಕು ಕಾಣದು. ಸೂರ್ಯ ಮಧ್ಯಾಹ್ನವೂ ಚಂದ್ರನ ಹಾಗೆ, ಕಣ್ಣಿಟ್ಟು ನೋಡುವಂತೆ ಇರುತ್ತಿದ್ದ. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದೆವು. ಇವರು ಹೊರಗೆ ಹೋಗದ ಹಾಗೆ ನೋಡಿಕೊಂಡು, ತರಕಾರಿ, ಔಷಧಿ ಎಂದು ನಾನೇ ಓಡಾಡಿದೆ. ಒಂದು ಬೆಳಿಗ್ಗೆ ಎದ್ದು, "ಕಾಫಿ ಕುಡಿತೀರಾ?" ಎಂದು ಕೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು.

ಮತ್ತೆ ಪ್ರಯತ್ನಿಸಿದೆ. ಗಾಳಿಯೇ.

ಕಾಲೋನಿಯ ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ, "ಪೂರ್ತಿ ಊದಿಕೊಂಡಿದೆ. ಒಂದು ವಾರ ಮಾತಾಡಬಾರದು. ಪಿಸುಗುಟ್ಟಲೂಬಾರದು" ಎಂದರು. ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಅಳುವಿಗೂ ಸದ್ದಿರಲಿಲ್ಲ. ಕರ್ತನೇ, ಒಂದು ಮಾತು ಕೊಡು ಅಂದೆ, ನೀನು ಇದ್ದದ್ದನ್ನೂ ಕಿತ್ತುಕೊಂಡೆಯಲ್ಲ ಎಂದು ಕೇಳಿದೆ. ಅಂಥ ಕೋಪ ನಾನು ದೇವರ ಮೇಲೆ ಹಿಂದೆಂದೂ ಮಾಡಿಕೊಂಡಿರಲಿಲ್ಲ. ದಿನಗಳು ಕೈಯಿಂದ ಜಾರುತ್ತಿವೆ, ಅವರ ಗಂಟಲೊಳಗಿನದು ಬೆಳೆಯುತ್ತಿದೆ, ನಾನು ಮೂಕಿಯಾಗಿ ಕೂತಿದ್ದೇನೆ.

ಆದರೆ ಆಮೇಲೆ ಬಂದ ದಿನಗಳು ವಿಚಿತ್ರವಾಗಿದ್ದವು. ಅವುಗಳನ್ನು ಹೇಗೆ ವಿವರಿಸಲಿ? ಹೊರಗೆ ಹೊಗೆ, ಒಳಗೆ ನೀಲಗಿರಿ ಎಣ್ಣೆಯ ಆವಿ, ನಡುವೆ ನಾವು ಮೂವರು. ಸದ್ದಿಲ್ಲದ ಮನೆಯಲ್ಲಿ ಮನುಷ್ಯರು ಬೇರೆ ಥರ ಕಾಣುತ್ತಾರೆ. ಇವರು ಎಷ್ಟು ತೆಳ್ಳಗಾಗಿದ್ದಾರೆ ಎಂದು ನನಗೆ ಆಗಲೇ ಕಂಡದ್ದು. ಬೆಳಿಗ್ಗೆ ಅವರು ಪೇಪರು ಮಡಚಿ ನನಗಾಗಿ ಕುರ್ಚಿ ಎಳೆದಿಡುತ್ತಿದ್ದದ್ದೂ ಆಗಲೇ ಕಂಡದ್ದು. ಮಾತಾಡುವ ಭರದಲ್ಲಿ ನಾನು ಎಷ್ಟೋ ದಿನದಿಂದ ಆ ಕುರ್ಚಿಯಲ್ಲಿ ಕೂತೇ ಇರಲಿಲ್ಲ.

ಅಡುಗೆಮನೆಯಲ್ಲಿ ನಿಂತು ನಾನು ಕೈಸನ್ನೆ ಮಾಡಿದರೆ ಅವರು ಒಗಟು ಬಿಡಿಸುವವರಂತೆ ಊಹಿಸುತ್ತಿದ್ದರು.

"ನಿಂಬೆಹಣ್ಣಾ? ಅಲ್ವಾ? ಬೆಲ್ಲ? ಹಾಂ, ಹುಣಸೆಹಣ್ಣು!"

ಸರಿಯಾದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಕೆಳಗೆ ತರಕಾರಿ ಭಯ್ಯಾ ಬಂದಾಗ ಬಾಲ್ಕನಿಯಿಂದ ಬೆರಳಲ್ಲೇ ಚೌಕಾಸಿ ಮಾಡಿದೆ. ಅವನು ತಲೆ ಎತ್ತಿ, "ಆಂಟಿಜೀ, ಆಜ್ ಡಾಂಟ್ ನಹೀಂ ಪಡೇಗೀ?" ಎಂದ. ಇವತ್ತು ಬೈಗುಳ ಇಲ್ಲವೇ ಎಂದು ಅವನಿಗೆ ಬೇಜಾರು. ಒಳಗೆ ಇವರು ನಕ್ಕದ್ದು ಕೇಳಿಸಿತು. ಆ ಒಡೆದ ಧ್ವನಿಯ ನಗು ಕೇಳಿ ಎಷ್ಟು ಕಾಲವಾಗಿತ್ತು!

ಭಾನುವಾರ ಬಂತು. ಆ ಹೊಗೆಯಲ್ಲಿ ಆರಾಧನೆಗೆ ಹೋಗುವಂತಿರಲಿಲ್ಲ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ಅನ್ನ, ಬಸಳೆ ಸಾರು, ಹಪ್ಪಳ. ಪ್ರಾರ್ಥನೆ ಯಾರು ಮಾಡುವುದು ಎಂದು ಮುಖ ಮುಖ ನೋಡಿಕೊಂಡೆವು.

"ಅಮ್ಮಾ, ನೀವೇ ಮಾಡಿ. ಮನಸ್ಸಲ್ಲೇ ಮಾಡಿ, ಚಲೋ," ಎಂದಳು ಅನು.

ನಾನು ಕೈ ಮುಗಿದು ಕಣ್ಣು ಮುಚ್ಚಿದೆ. ಎಂದಿನ ಮಾತುಗಳು ನಾಲಿಗೆಯವರೆಗೆ ಬಂದು ನಿಂತವು. ಅವರ ಹಟ ಕರಗಿಸು, ಬುದ್ಧಿ ಕೊಡು. ಆದರೆ ಅದನ್ನು ಅವರು ಕೇಳಿಸಿಕೊಳ್ಳುವಂತಿಲ್ಲವಲ್ಲ! ಅಲ್ಲಿದ್ದದ್ದು ನಾನು ಮತ್ತು ದೇವರು ಮಾತ್ರ. ಅವನಿಗೆ ನನ್ನ ವಾದ ಮೊದಲೇ ಗೊತ್ತು. ಹಾಗಾದರೆ ಏನು ಹೇಳಲಿ? ಆಮೇಲೆ ಒಂದೊಂದಾಗಿ ಬಂತು. ಈ ಅನ್ನಕ್ಕಾಗಿ ಸ್ತೋತ್ರ. ಈ ಮಗಳಿಗಾಗಿ ಸ್ತೋತ್ರ. ಎದುರಿಗೆ ಕೂತಿರುವ ಇವರಿಗಾಗಿ, ಇವತ್ತು ಕೂತಿರುವುದಕ್ಕಾಗಿ, ಅಂದು ಕಂಬದ ಹಿಂದೆ ಇವರ ಹಾಡು ನನ್ನ ಕಿವಿಗೆ ಬಿದ್ದದ್ದಕ್ಕಾಗಿ ಸ್ತೋತ್ರ. ಇವರು ನಿನ್ನವರು ಸ್ವಾಮಿ, ನನಗೆ ಕೊಟ್ಟು ಇಷ್ಟು ದಿನ ಇಟ್ಟೆ. ಮುಂದೆಯೂ ನಿನ್ನ ಕೈಯಲ್ಲೇ ಇರಲಿ, ನಾನು ಹಿಡಿದು ಎಳೆದಾಡುವುದಿಲ್ಲ. ಎಷ್ಟು ಹೊತ್ತು ಹಾಗೆ ಇದ್ದೆನೋ. ದೋಣಿಯೊಂದು ದಡ ಬಿಟ್ಟು ತಾನಾಗಿಯೇ ತೇಲಿಕೊಂಡು ಹೋದ ಹಾಗಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆದರೆ ಅದು ಬಚ್ಚಲಿನ ಅಳುವಾಗಿರಲಿಲ್ಲ.

ಕಣ್ಣು ತೆರೆದಾಗ ಸಾರು ಆರಿತ್ತು. ಇವರು ಊಟ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

"ಇಷ್ಟು ಹೊತ್ತು ಏನ್ ಹೇಳ್ದೆ?"

ನಾನು ಅನ್ನ ತೋರಿಸಿದೆ. ಅನುವನ್ನು ತೋರಿಸಿದೆ. ಅವರನ್ನು ತೋರಿಸಿ, ಕೈಯನ್ನು ಎದೆಯ ಮೇಲಿಟ್ಟುಕೊಂಡು, ಮೇಲೆ ತೋರಿಸಿದೆ.

"ಬರೀ ಅಷ್ಟೇನಾ? ನನ್ನ ಬಯ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ.

"ತಲುಪ್ತು ಅನ್ನಿಸ್ತಾ?"

ಹೌದೆಂದು ತಲೆಯಾಡಿಸಿದೆ. ನನಗೆ ಅಷ್ಟು ಖಾತ್ರಿಯಾಗಿ ಬೇರೆ ಯಾವುದೂ ಎಂದೂ ಗೊತ್ತಿರಲಿಲ್ಲ.

"ಧ್ವನಿ ಇಲ್ದೇನೂ?" ಎಂದರು. ಕೇಳಿದ್ದು ನನ್ನನ್ನೋ ತಮ್ಮನ್ನೋ ತಿಳಿಯಲಿಲ್ಲ. ಎದ್ದು ಬಾಲ್ಕನಿಯ ಬಾಗಿಲ ಗಾಜಿನ ಹತ್ತಿರ ಹೋಗಿ ನಿಂತರು. ಹೊರಗಿನ ಬೂದು ಹೊಗೆಯ ಎದುರು ಅವರ ಬೆನ್ನು ನೇರವಾಗಿ, ಕಪ್ಪಾಗಿ ಕಾಣುತ್ತಿತ್ತು. ಅನು ಏನೋ ಹೇಳಲು ಹೊರಟಳು, ನಾನು ಅವಳ ಕೈ ಅದುಮಿದೆ. ಅವರು ತಿರುಗಿದರು.

"ಆ ಕರ್ನಲ್ ಮೇಡಂಗೆ ಫೋನ್ ಮಾಡು ಸುಗುಣಾ. ನಾಳೆ ಬರ್ತೀವಿ ಅನ್ನು."

ನಾನು ಎದ್ದೆ, ಫೋನು ತೆಗೆದುಕೊಂಡೆ, ಆಮೇಲೆ ಅವರನ್ನು ನೋಡಿ ನನ್ನ ಗಂಟಲು ತೋರಿಸಿದೆ. ಒಂದು ಕ್ಷಣ ಅವರಿಗೆ ಹೊಳೆಯಲಿಲ್ಲ. ಹೊಳೆದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಇಲ್ಲಿ ಕೊಡು," ಎಂದು ಕೈ ಚಾಚಿದರು. ಆ ಚೂರಾದ ಧ್ವನಿಯಲ್ಲಿ, ಒಂದೊಂದು ಪದವನ್ನೂ ಮೇಲೆತ್ತುತ್ತಾ, ತಾವೇ ಮಾತಾಡಿದರು.

ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ಹುಲ್ಲಿನ ಮೇಲೆ ಕೂತಿದ್ದೆವು. ನನ್ನ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು, ಆದರೆ ನಾನು ಹೆಚ್ಚು ಮಾತಾಡಲಿಲ್ಲ. ಅನು ಫೋನು ಹಿಡಿದು, "ಪಪ್ಪಾ, ಕುಛ್ ತೋ ಬೋಲೋ, ರೆಕಾರ್ಡ್ ಮಾಡ್ಕೋತೀನಿ" ಎಂದಳು. ಅವರು ಹಾಡುತ್ತಾರೆಂದುಕೊಂಡೆ. ಹಾಡಲಿಲ್ಲ. ವಿರಾಜಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ತಾನು ಹುಟ್ಟಿದ ಮನೆಗೆ ಹೇಗೆ ಹೋಗಬೇಕೆಂದು ದಾರಿ ಹೇಳಿದರು. ಎಡಕ್ಕೆ ಬೇಕರಿ, ಆಮೇಲೆ ಏರು, ಗಡಿಯಾರದ ಕಂಬ ದಾಟಿ ಬಲಕ್ಕೆ, ಶಾಲೆಯ ಗೋಡೆ ಮುಗಿದಲ್ಲಿ ಹಲಸಿನ ಮರ. ಎಲ್ಲ ನಿಧಾನವಾಗಿ, ನಡೆದುಕೊಂಡೇ ಹೋಗುತ್ತಿರುವವರ ಹಾಗೆ. ನಾವಿಬ್ಬರೂ ಅವರ ಜೊತೆ ಆ ದಾರಿಯಲ್ಲಿ ನಡೆದೆವು.

ಅನು ನೀರು ತರಲು ಹೋದಾಗ ನನಗೆ ಹೇಳಿದರು: "ಧ್ವನಿ ಹೋದ್ರೆ ಮನೇಲಿ ನಾನು ಇದ್ದೂ ಇಲ್ದಂಗೆ ಅಂದ್ಕೊಂಡಿದ್ದೆ. ಆಮೇಲೆ ನಿನ್ನ ಧ್ವನಿ ಹೋಯ್ತು. ಆದ್ರೆ ನೀನು ಎಲ್ಲೂ ಹೋಗಿರ್ಲಿಲ್ಲ, ಸುಗುಣಾ. ಇನ್ನೂ ಹತ್ರ ಬಂದಂಗಿತ್ತು."

ಇವು ಅವರ ಹಳೆಯ ಧ್ವನಿಯಲ್ಲಿ ನಾನು ಕೇಳಿದ ಕೊನೆಯ ಮಾತುಗಳು.

ಮರುದಿನ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಚಳಿಗಾಲದ ಬಿಸಿಲಿನಲ್ಲಿ ಹೊರಗೆ ಕೂತೆ. ಸುತ್ತ ಬೇರೆ ಮನೆಯವರು ಕಿತ್ತಳೆ ಸುಲಿಯುತ್ತಾ, ಕಡಲೆಕಾಯಿ ಬಿಡಿಸುತ್ತಾ ಕಾಯುತ್ತಿದ್ದರು. ಕೂತಲ್ಲೇ ಜೋಂಪು ಹತ್ತಿತು. ಕನಸಿನಲ್ಲಿ ದೊಡ್ಡ ಮೈದಾನ, ತುಂಬಾ ಸಿಪಾಯಿಗಳು, ಮುಂದೆ ಇವರು. ಬಾಯಿ ತೆರೆಯಲಿಲ್ಲ, ಕೈಯೆತ್ತಲಿಲ್ಲ, ಸುಮ್ಮನೆ ನಿಂತಿದ್ದರು. ಆದರೂ ಎಲ್ಲರ ಹಿಮ್ಮಡಿಗಳೂ ಒಟ್ಟಿಗೆ ಕೂಡಿದವು. ಅನು ಭುಜ ಅಲ್ಲಾಡಿಸಿ, "ಅಮ್ಮಾ, ಮೇಡಂ ಬಂದ್ರು. ಸಬ್ ಠೀಕ್" ಎಂದಳು.

ಎಲ್ಲ ಸುಲಭವಾಯಿತೆಂದು ಬರೆದರೆ ಅದು ನಿಮಗೆ ಮೋಸ ಮಾಡಿದ ಹಾಗೆ. ಮೂಗಿನ ನಳಿಕೆಯಿಂದ ಊಟ, ಕತ್ತಿನ ರಂಧ್ರದಿಂದ ಉಸಿರು, ಆಮೇಲೆ ರೇಡಿಯೇಷನ್ನಿನ ಸುಸ್ತು. ಹೇಳಬೇಕಾದದ್ದನ್ನು ಹೇಳಲಾಗದೆ ಒಮ್ಮೆ ಸ್ಟೀಲ್ ಲೋಟವನ್ನು ಗೋಡೆಗೆ ಎಸೆದರು. ನಾನು ಲೋಟ ಎತ್ತಿ ತೊಳೆದು ಮತ್ತೆ ನೀರು ತುಂಬಿಸಿ ಪಕ್ಕದಲ್ಲಿ ಕೂತೆ. ಆ ವೇಳೆಗೆ ಪಕ್ಕದಲ್ಲಿ ಕೂರುವುದನ್ನು ನಾನು ಕಲಿತಿದ್ದೆ.

ಬೂರುಗದ ಮರಗಳು ಹೂ ಬಿಟ್ಟು ಕೆಂಪಾಗುವ ಹೊತ್ತಿಗೆ ಡಾಕ್ಟರು ಗಂಟಲೊಳಗೆ ಒಂದು ಪುಟ್ಟ ಕವಾಟ ಕೂರಿಸಿದರು. ಕತ್ತಿನ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಒಂದು ಬಗೆಯ ಸ್ವರ ಬರುತ್ತದೆ. ವಾರಗಟ್ಟಲೆ ಅಭ್ಯಾಸ ಮಾಡಿಸಿದರೂ ಬರೀ ಗುರುಗುರು ಸದ್ದು. ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದವರು ತುತ್ತು ನಿಲ್ಲಿಸಿ, ಹೆಬ್ಬೆರಳನ್ನು ಕತ್ತಿಗಿಟ್ಟು, ಮರಳು ಉಜ್ಜಿದಂಥ ಸ್ವರದಲ್ಲಿ ಸ್ಪಷ್ಟವಾಗಿ ಹೇಳಿದರು:

"ಉಪ್ಪು ಕಮ್ಮಿ."

ನಾನು ಉಪ್ಪಿನ ಡಬ್ಬಿ ತರಲು ಹೋದವಳು ಅಡುಗೆಮನೆಯ ಗೋಡೆಗೆ ಒರಗಿ ನಿಂತುಬಿಟ್ಟೆ. ಅಂಥ ಚೆಂದದ ದೂರನ್ನು ಯಾವ ಹೆಂಡತಿಯೂ ಕೇಳಿರಲಾರಳು.

ಅಕ್ಕತಂಗಿಯರೇ, ನಮ್ಮ ಗಂಡಂದಿರ ಮೇಲೆ ನಮಗೆ ಒಂದು ಶಕ್ತಿ ಇದೆಯೆಂದು ಹೇಳುತ್ತಾರಲ್ಲ, ಅದು ಸುಳ್ಳಲ್ಲ. ಆದರೆ ಅದು ನಾನು ತಿಳಿದುಕೊಂಡಿದ್ದಂಥ ಶಕ್ತಿಯಲ್ಲ. ಅವರನ್ನು ನನ್ನ ಇಷ್ಟದ ಕಡೆಗೆ ತಿರುಗಿಸಲು ನನ್ನಿಂದ ಆಗಲಿಲ್ಲ. ನಾನು ದೇವರ ಕಡೆ ತಿರುಗಿದ್ದನ್ನು ಅವರು ನೋಡಿದರು, ಅಷ್ಟೇ. ಮೌನವಾಗಿದ್ದು ಗೆಲ್ಲಿರಿ ಎಂದೂ ನಾನು ಹೇಳುತ್ತಿಲ್ಲ. ಬಾಯಿಬಿಟ್ಟು ಹೇಳಲೇಬೇಕಾದದ್ದನ್ನು ಹೇಳಿರಿ, ಡಾಕ್ಟರ ಹತ್ತಿರ ಎಳೆದುಕೊಂಡಾದರೂ ಹೋಗಿರಿ, ನಾನೂ ಹಾಗೇ ಮಾಡಿದೆ. ಆದರೆ ನಮ್ಮ ಮಾತು ಮುಗಿದ ಜಾಗದಲ್ಲಿ ಎಲ್ಲವೂ ಮುಗಿಯಿತೆಂದು ಹೆದರಬೇಡಿ. ನಾನು ದೇವರಲ್ಲಿ ಒಂದು ಮಾತು ಬೇಡಿದೆ. ಆತನು ನನ್ನ ಮುಖವನ್ನೇ ಮಾತಾಗಿ ಮಾಡಿ ನನ್ನ ಗಂಡನಿಗೆ ಓದಿಸಿದನು.

ಈಗ ಪರೀಕ್ಷೆಗಳಲ್ಲಿ ಏನೂ ಕಾಣುತ್ತಿಲ್ಲ. ಭಾನುವಾರ ಇವರು ಎಲ್ಲರ ಮುಂದೆ ನಿಂತು ಕೈಯಲ್ಲಿ ತಾಳ ಹಾಕುತ್ತಾರೆ, ಮೊದಲ ಸಾಲನ್ನು ಅನು ಎತ್ತಿಕೊಳ್ಳುತ್ತಾಳೆ. ಅವಳ ಕನ್ನಡ ಉಚ್ಚಾರ ಅಲ್ಲಲ್ಲಿ ಜಾರಿದರೆ ಹುಬ್ಬೇರಿಸಿ ತಿದ್ದುತ್ತಾರೆ.

ಆಪರೇಷನ್ನಿಗೆ ಹೆದರಿ ಕೂತವರ ಹತ್ತಿರ ಮಾತಾಡಲು ಡಾಕ್ಟರು ಇವರನ್ನು ಆಗಾಗ ಕರೆಸುತ್ತಾರೆ. ಹೋದ ವಾರ ರೋಹ್ತಕ್ ಕಡೆಯ ಒಬ್ಬ ಹವಾಲ್ದಾರನನ್ನು ನೋಡಲು ಹೋಗಿದ್ದೆವು. ಇವರು ಒಳಗೆ ಹೋದರು. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ, ಇನ್ನೂ ಚಿಕ್ಕ ವಯಸ್ಸು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ನನ್ನನ್ನು ನೋಡಿದ ತಕ್ಷಣ ಕೈ ಹಿಡಿದುಕೊಂಡು ಹಿಂದಿಯಲ್ಲಿ ಕೇಳಿದಳು.

"ದೀದಿ, ನೀವು ಅವರಿಗೆ ಏನು ಹೇಳಿ ಒಪ್ಪಿಸಿದಿರಿ? ನನಗೂ ಹೇಳಿಕೊಡಿ."

ನಾನು ಅವಳ ಪಕ್ಕದಲ್ಲಿ ಕೂತು, ಅವಳ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಭುಜಕ್ಕೆ ಒರಗಿತು. ಬಾಗಿಲಿನ ಆಚೆಯಿಂದ ಆ ಒರಟು ಹೊಸ ಸ್ವರ ಏನೋ ಹೇಳುತ್ತಿತ್ತು, ಅದಕ್ಕೆ ಯಾರೋ ನಕ್ಕದ್ದೂ ಕೇಳಿಸಿತು. ಹುಡುಗಿ ತಲೆ ಎತ್ತಿದಳು. "ನಮ್ಮವರು ನಗ್ತಾ ಇದ್ದಾರೆ," ಎಂದಳು.

ಆ ನಗುವಿಗಾಗಿ, ಈ ಎಲ್ಲದಕ್ಕಾಗಿ, ಕೇಳಿದ್ದನ್ನು ಕೊಡದೆ ಬೇಕಾದದ್ದನ್ನು ಕೊಟ್ಟ ನನ್ನ ಕರ್ತನಿಗೆ ಸ್ತೋತ್ರ.